ಕೈತೋಟ ಪ್ರಶ್ನೋತ್ತರ: ಮನಿಪ್ಲಾಂಟ್‌ಗೆ ಹತ್ತಲು ಆಸರೆ ಕೊಡಿ

ಕೈತೋಟದ ಬಗ್ಗೆ ಈ ತಿಂಗಳು ಬಂದ ಪತ್ರಗಳಲ್ಲಿ ಬಹುಪಾಲು ಮನಿಪ್ಲಾಂಟ್ ಕುರಿತೇ ಇದ್ದುದರಿಂದ ಈ ಸಂಚಿಕೆಯ ಅಂಕಣವನ್ನು ಆ ಒಂದು ಬಳ್ಳಿಗೆ ಮೀಸಲಿಟ್ಟಿದ್ದೇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ, ಬರೆದವರ ಊರಿನ ಹೆಸರನ್ನಷ್ಟೇ ಉಳಿಸಿಕೊಂಡಿದ್ದೇವೆ.

ಪ್ರಶ್ನೆ (ಮೈಸೂರಿನಿಂದ): ನಮ್ಮ ಮನೆಯ ಬಾಲ್ಕನಿಯಲ್ಲಿ ತೂಗುಹಾಕಿದ ಕುಂಡದಲ್ಲಿ ಹಲವು ವರ್ಷಗಳಿಂದ ಮನಿಪ್ಲಾಂಟ್ ಇದೆ. ಬಳ್ಳಿ ನೆಲ ಮುಟ್ಟುವಷ್ಟು ಉದ್ದವಾಗಿದೆ, ಆದರೆ ಎಲೆಗಳು ಬರಬರುತ್ತ ಚಿಕ್ಕದಾಗುತ್ತಿವೆ. ನಮ್ಮ ಅತ್ತೆಯವರ ಊರಿನಲ್ಲಿ ತೆಂಗಿನ ಮರಕ್ಕೆ ಹಬ್ಬಿರುವ ಬಳ್ಳಿಯ ಎಲೆಗಳು ಮೊರದಗಲ ಇವೆ. ಅದು ಬೇರೆ ತಳಿಯೇ? ನಮ್ಮ ಗಿಡಕ್ಕೆ ಯಾವ ಗೊಬ್ಬರ ಹಾಕಬೇಕು?

ಉತ್ತರ: ಬೇರೆ ತಳಿಯಲ್ಲ, ಎರಡೂ ಒಂದೇ ಬಳ್ಳಿ. ನಿಮ್ಮ ಗಿಡಕ್ಕೆ ಕೊರತೆಯಾಗಿರುವುದು ಗೊಬ್ಬರವಲ್ಲ, ಹತ್ತುವುದಕ್ಕೆ ಆಸರೆ. ನಾವು ಮನಿಪ್ಲಾಂಟ್ ಎಂದು ಕರೆಯುವ ಗಿಡದ ಸಸ್ಯಶಾಸ್ತ್ರೀಯ ಹೆಸರು ಎಪಿಪ್ರೆಮ್ನಮ್ ಆರಿಯಂ. ಕೆಸು, ಸುವರ್ಣಗೆಡ್ಡೆ, ಆಂಥೂರಿಯಂ ಎಲ್ಲವೂ ಸೇರುವ ಕುಟುಂಬವೇ ಇದರದ್ದೂ. ಪೆಸಿಫಿಕ್ ಸಾಗರದ ನಡುವೆ, ಫ್ರೆಂಚ್ ಪಾಲಿನೇಷ್ಯಾದ ಸೊಸೈಟಿ ದ್ವೀಪಗಳಲ್ಲಿ ಒಂದಾದ ಮೊರಿಯಾ ಇದರ ತವರು. ಮಳೆಕಾಡಿನ ಮಬ್ಬುಬೆಳಕಿನ ನೆಲದಲ್ಲಿ ಹರಿದಾಡುವಾಗ ಈ ಬಳ್ಳಿಯ ಎಲೆಗಳು ಚಿಕ್ಕದಾಗಿ, ಹೃದಯದಾಕಾರದಲ್ಲಿ ಇರುತ್ತವೆ. ಒಂದು ಮರ ಸಿಕ್ಕಿ, ಪ್ರತಿ ಗಿಣ್ಣಿನಿಂದ ಹೊರಟ ಬೇರುಗಳು ತೊಗಟೆಯನ್ನು ಅಪ್ಪಿಕೊಂಡು ಮೇಲೇರತೊಡಗಿದ ಮೇಲೆ ಅದೇ ಬಳ್ಳಿಯ ಕಾಂಡ ದಪ್ಪವಾಗುತ್ತದೆ, ಗಿಣ್ಣುಗಳು ಹತ್ತಿರ ಹತ್ತಿರ ಬರುತ್ತವೆ, ಪ್ರತಿ ಹೊಸ ಎಲೆಯೂ ಹಿಂದಿನದಕ್ಕಿಂತ ದೊಡ್ಡದಾಗುತ್ತ ಹೋಗಿ ಕೊನೆಗೆ ಅಂಚಿನಿಂದ ಸೀಳುಬಿಡುತ್ತದೆ. ಬಿಸಿ, ತೇವ ಎರಡೂ ಒದಗುವ ನಾಡುಗಳಲ್ಲಿ ಪ್ರೌಢ ಎಲೆಯೊಂದು 1 ಮೀಟರ್ ಉದ್ದ, 45 ಸೆಂಟಿಮೀಟರ್ ಅಗಲದವರೆಗೂ ಬೆಳೆಯುವುದುಂಟು. ನಮ್ಮ ಕುಂಡಗಳಲ್ಲಿ ನೋಡುವುದು ಇದರ ಬಾಲ್ಯರೂಪವನ್ನು ಮಾತ್ರ.

ಕೆಳಕ್ಕೆ ಇಳಿಬಿಟ್ಟ ಬಳ್ಳಿ ಇನ್ನೊಂದು ಮರವನ್ನು ಹುಡುಕಿಕೊಂಡು ಹೊರಟ ಬಳ್ಳಿಯಂತೆಯೇ ನಡೆದುಕೊಳ್ಳುತ್ತದೆ. ಅದು ತನ್ನ ಶಕ್ತಿಯನ್ನೆಲ್ಲ ಉದ್ದಕ್ಕೆ ಬೆಳೆಯುವುದರಲ್ಲಿ ಖರ್ಚು ಮಾಡಿ ಎಲೆಗಳನ್ನು ಕಿರಿದಾಗಿಸುತ್ತದೆ. ಕಾಳುಮೆಣಸು ಬೆಳೆಯುವವರಿಗೆ ಇಂಥ ನಡವಳಿಕೆ ಹೊಸದಲ್ಲ, ಏಕೆಂದರೆ ಅಲ್ಲಿಯೂ ಮರಕ್ಕೆ ಅಂಟಿಕೊಂಡ ಬಳ್ಳಿ ಅಡ್ಡ ರೆಂಬೆ ಒಡೆದು ಕಾಳು ಕಚ್ಚುತ್ತದೆ, ಬುಡದಿಂದ ನೆಲದ ಮೇಲೆ ಹಬ್ಬಿದ ಬಳ್ಳಿ ಬರೀ ಉದ್ದಕ್ಕೆ ಹರಿಯುತ್ತದೆ. ಆದುದರಿಂದ ತೂಗುಕುಂಡದ ಮನಿಪ್ಲಾಂಟ್‌ಗೆ ಎಷ್ಟೇ ಗೊಬ್ಬರ ಹಾಕಿದರೂ ಎಲೆ ಮೊರದಗಲವಾಗುವುದಿಲ್ಲ.

ಆಸರೆಯನ್ನು ಮನೆಯಲ್ಲಿಯೇ ಮಾಡಿಕೊಳ್ಳಬಹುದು. ನರ್ಸರಿಗಳಲ್ಲಿ ಪಿವಿಸಿ ಪೈಪಿಗೆ ತೆಂಗಿನ ನಾರಿನ ಹಗ್ಗ ಸುತ್ತಿದ ಕೋಲುಗಳು ಸಿಗುತ್ತವೆ. ನೋಡಲು ಅಚ್ಚುಕಟ್ಟಾಗಿದ್ದರೂ ಅವು ನೀರನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ಒಣಗಿದ ಕೋಲಿನೊಳಕ್ಕೆ ಬೇರು ಇಳಿಯುವುದಿಲ್ಲ, ಬೇರು ಇಳಿಯದಿದ್ದರೆ ಬಳ್ಳಿಯನ್ನು ಕೋಲಿಗೆ ಕಟ್ಟಿ ನಿಲ್ಲಿಸಿದಂತಾಗುತ್ತದೆಯೇ ಹೊರತು ಅದು ತಾನಾಗಿ ಹತ್ತಿದಂತಾಗುವುದಿಲ್ಲ. ಅದಕ್ಕಿಂತ, ತೋಟಗಳಿಗೆ ಬಳಸುವ ಗಟ್ಟಿ ಪ್ಲಾಸ್ಟಿಕ್ ಜಾಲರಿಯನ್ನು ಸುಮಾರು 3 ಅಂಗುಲ ಅಗಲದ ಕೊಳವೆಯಂತೆ ಸುರುಳಿಸುತ್ತಿ, ಸಣ್ಣ ತಂತಿಯಿಂದ ಹೊಲಿದು, ಅದರೊಳಗೆ ನೆನೆಸಿದ ತೆಂಗಿನ ನಾರು ಮತ್ತು ಕೊಕೊಪೀಟನ್ನು, ಅಂದರೆ ತೆಂಗಿನ ನಾರಿನ ಪುಡಿಯನ್ನು, ಬೆರೆಸಿ ತುಂಬಿರಿ. ಹಾವಸೆ, ಅಂದರೆ ಸ್ಫ್ಯಾಗ್ನಂ ಮಾಸ್, ಸಿಕ್ಕರೆ ಇನ್ನೂ ಒಳ್ಳೆಯದು, ಆದರೆ ಅದು ದುಬಾರಿ, ಮತ್ತು ತೆಂಗು ಬೆಳೆಯುವ ನಾಡಿನಲ್ಲಿ ಅದರ ಅಗತ್ಯವೂ ಇಲ್ಲ. ಕೊಕೊಪೀಟಿನಲ್ಲಿ ಉಪ್ಪಿನಂಶ ಉಳಿದಿರುವುದರಿಂದ ಅದನ್ನು ಎರಡು ಮೂರು ಬಾರಿ ನೀರಿನಲ್ಲಿ ನೆನೆಸಿ ಹಿಂಡಿಯೇ ಬಳಸಬೇಕು. ಕೊಳವೆಯ ನಡುವೆ ಒಂದು ಬಿದಿರಿನ ಕೋಲನ್ನು ತೂರಿಸಿ ಕುಂಡದ ತಳದವರೆಗೆ ಊರಿದರೆ ಬಳ್ಳಿ ಭಾರವಾದಾಗ ಆಸರೆ ವಾಲುವುದಿಲ್ಲ. ಕುಂಡವೂ ಹಗುರವಾದ ಪ್ಲಾಸ್ಟಿಕ್ಕಿನದ್ದಾಗಿರದೆ ಮಣ್ಣಿನದ್ದೋ ಸಿಮೆಂಟಿನದ್ದೋ ಆಗಿದ್ದರೆ ಗಾಳಿಗೆ ಉರುಳುವ ಭಯವಿರುವುದಿಲ್ಲ.

ಹಳೆಯ ನೇತಾಡುವ ಬಳ್ಳಿಯನ್ನೇ ಎತ್ತಿ ಕಟ್ಟುವುದಕ್ಕಿಂತ, ಅದರ ತುದಿಯಿಂದ ಮೂರು ನಾಲ್ಕು ಗಿಣ್ಣುಗಳಿರುವ ತುಂಡನ್ನು ಕತ್ತರಿಸಿ ಆಸರೆಯ ಬುಡದಲ್ಲಿ ನೆಡುವುದು ಉತ್ತಮ. ಬಳ್ಳಿಯನ್ನು ತಿರುಗಿಸಿ ನೋಡಿದರೆ ಪ್ರತಿ ಗಿಣ್ಣಿನ ಒಂದು ಬದಿಯಲ್ಲಿ ಕಂದುಬಣ್ಣದ ಮೊಳಕೆಯಂಥ ಬೇರು ಕಾಣಿಸುತ್ತದೆ, ಆ ಬದಿಯೇ ಆಸರೆಗೆ ತಾಗಬೇಕು. ಹತ್ತಿಯ ದಾರದಿಂದ ಗಿಣ್ಣಿನ ಹತ್ತಿರ ಸಡಿಲವಾಗಿ ಕಟ್ಟಿರಿ, ಎಲೆಯ ತೊಟ್ಟನ್ನು ಮಾತ್ರ ಕಟ್ಟಬೇಡಿ, ಏಕೆಂದರೆ ಎಲೆ ಬೆಳಕಿನ ಕಡೆಗೆ ತಿರುಗಲು ತೊಟ್ಟು ಅಲುಗಾಡಬೇಕು. ಆಮೇಲೆ ಆಸರೆ ಎಂದೂ ಪೂರ್ತಿ ಒಣಗದಂತೆ ನೋಡಿಕೊಳ್ಳುವುದೇ ಮುಖ್ಯವಾದ ಕೆಲಸ. ಮುಚ್ಚಳದಲ್ಲಿ ಸೂಜಿಯಷ್ಟು ರಂಧ್ರ ಮಾಡಿದ ನೀರಿನ ಬಾಟಲಿಯನ್ನು ಕೊಳವೆಯ ನೆತ್ತಿಯಲ್ಲಿ ತಲೆಕೆಳಗಾಗಿ ಸಿಕ್ಕಿಸಿದರೆ ನೀರು ನಿಧಾನವಾಗಿ ಒಳಗೆ ಇಳಿಯುತ್ತದೆ. ಹಳೆಯ ಎಲೆಗಳು ಇದ್ದಷ್ಟೇ ಇರುತ್ತವೆ. ಹೊಸದಾಗಿ ಬರುವ ಎಲೆಗಳಲ್ಲಿಯೇ ವ್ಯತ್ಯಾಸ ಕಾಣಬೇಕಾದುದರಿಂದ ಕೆಲವು ತಿಂಗಳ ತಾಳ್ಮೆ ಬೇಕು. ಬಳ್ಳಿ ಆಸರೆಯ ತುದಿ ಮುಟ್ಟಿದ ಮೇಲೆ ಹಾಗೆಯೇ ಕೆಳಗೆ ಬಾಗಲು ಬಿಟ್ಟರೆ ಎಲೆಗಳು ಮತ್ತೆ ಕಿರಿದಾಗುತ್ತವೆ, ಆದುದರಿಂದ ಆಸರೆಯನ್ನು ಎತ್ತರಿಸಿರಿ, ಇಲ್ಲವೇ ಮೇಲಿನ ದೊಡ್ಡ ಎಲೆಗಳ ಭಾಗವನ್ನು ಬೇರುಸಹಿತ ಕತ್ತರಿಸಿ ಮತ್ತೆ ಬುಡದಲ್ಲಿ ನೆಡಿರಿ. ಮನೆಯೊಳಗೆ ಎಲೆ ಅಂಗೈಯನ್ನು ಮೀರಿ ಬೆಳೆದರೆ ಅದೇ ಒಳ್ಳೆಯ ಬೆಳವಣಿಗೆ, ತೆಂಗಿನ ಮರದ ಮೇಲಿನ ಗಾತ್ರವನ್ನು ಅಲ್ಲಿ ನಿರೀಕ್ಷಿಸುವಂತಿಲ್ಲ.

ಗೊಬ್ಬರದ ವಿಷಯವಾಗಿ ಹೇಳುವುದಾದರೆ, ನೀರಿನಲ್ಲಿ ಕರಗುವ, ಸಾರಜನಕ, ರಂಜಕ, ಪೊಟ್ಯಾಷ್ ಸಮಪಾಲಿನಲ್ಲಿರುವ 19:19:19 ಗೊಬ್ಬರವನ್ನು ಒಂದು ಲೀಟರ್ ನೀರಿಗೆ ಅರ್ಧದಿಂದ ಒಂದು ಗ್ರಾಂನಷ್ಟು ಬೆರೆಸಿ ಬೆಳವಣಿಗೆಯ ದಿನಗಳಲ್ಲಿ ತಿಂಗಳಿಗೊಮ್ಮೆ ಕೊಟ್ಟರೆ ಸಾಕು. ಎರೆಗೊಬ್ಬರವನ್ನು ಒಂದೊಂದು ಹಿಡಿ ಮೇಲ್ಮಣ್ಣಿಗೆ ಬೆರೆಸುವವರಿಗೆ ಅದೂ ಬೇಕಾಗುವುದಿಲ್ಲ.

ಪ್ರಶ್ನೆ (ಬೆಂಗಳೂರಿನಿಂದ): ಬಿಳಿ ಮತ್ತು ಹಸಿರು ಬೆರೆತ ಎಲೆಯ ಮನಿಪ್ಲಾಂಟ್ ತಂದಿದ್ದೆವು. ಹಾಲ್‌ನಲ್ಲಿ ಟಿವಿಯ ಪಕ್ಕ ಇಟ್ಟಿದ್ದೇವೆ. ಈಗ ಬರುವ ಎಲೆಗಳೆಲ್ಲ ಪೂರ್ತಿ ಹಸಿರಾಗಿವೆ. ನರ್ಸರಿಯವರು ಮೋಸ ಮಾಡಿದರೇ?

ಉತ್ತರ: ಮೋಸವೇನೂ ಆಗಿಲ್ಲ, ನಿಮ್ಮ ಗಿಡಕ್ಕೆ ಬೆಳಕು ಸಾಲದಾಗಿದೆ. ಎಲೆಯ ಬಿಳಿಯ ಭಾಗದಲ್ಲಿ ಪತ್ರಹರಿತ್ತು ತೀರಾ ಕಡಿಮೆ, ಆದುದರಿಂದ ಅದು ಆಹಾರ ತಯಾರಿಸದೆ ಹಸಿರು ಭಾಗವನ್ನು ಅವಲಂಬಿಸಿರುತ್ತದೆ. ಮಬ್ಬುಬೆಳಕಿನಲ್ಲಿ ಹಸಿರು ಹೆಚ್ಚಿರುವ ಚಿಗುರುಗಳೇ ಬಲವಾಗಿ ಬೆಳೆದು ಉಳಿದವನ್ನು ಹಿಂದಿಕ್ಕುತ್ತವೆ. ಬಳ್ಳಿಯುದ್ದಕ್ಕೂ ಹಿಂದಕ್ಕೆ ಬಂದು, ಚೆನ್ನಾಗಿ ಬಿಳಿಯ ಬಣ್ಣವಿರುವ ಕೊನೆಯ ಎಲೆಯನ್ನು ಗುರುತಿಸಿ, ಅದರ ಗಿಣ್ಣಿನ ಸ್ವಲ್ಪ ಮೇಲೆ ಕತ್ತರಿಸಿರಿ. ಗಿಡವನ್ನು ಪೂರ್ವದ ಕಿಟಕಿಯ ಬಳಿ, ಮುಂಜಾನೆಯ ಎಳೆಬಿಸಿಲು ಬೀಳುವ ಅಥವಾ ಇಡೀ ದಿನ ಒಳ್ಳೆಯ ಬೆಳಕಿರುವ ಜಾಗಕ್ಕೆ ಸರಿಸಿರಿ. ಮಧ್ಯಾಹ್ನದ ನೇರ ಬಿಸಿಲಿಗೆ ಇಟ್ಟರೆ ಬಿಳಿಯ ಭಾಗವೇ ಮೊದಲು ಸುಟ್ಟು ಕಂದಾಗುತ್ತದೆ. ಪೂರ್ತಿ ಬಿಳಿಯಾದ ಚಿಗುರನ್ನು ಚೆಂದವೆಂದು ಬೇರೆಯಾಗಿ ನೆಡುವವರಿದ್ದಾರೆ, ಅದು ಬದುಕುವುದಿಲ್ಲ.

ತಳಿಗಳನ್ನು ಕೊಳ್ಳುವಾಗ ಇದನ್ನು ಗಮನದಲ್ಲಿಟ್ಟುಕೊಳ್ಳುವುದು ಒಳ್ಳೆಯದು. ಹಳದಿ ಗೀರುಗಳ ಸಾಮಾನ್ಯ ಗೋಲ್ಡನ್ ಮತ್ತು ಪೂರ್ತಿ ಹಸಿರಿನ ಜೇಡ್ ತಳಿಗಳು ಕಡಿಮೆ ಬೆಳಕನ್ನು ತಾಳಿಕೊಳ್ಳುತ್ತವೆ. ಮಾರ್ಬಲ್ ಕ್ವೀನ್ ಮತ್ತು ಅದರಿಂದ ಬಂದ ಎನ್‌ಜಾಯ್ ನಿಧಾನವಾಗಿ ಬೆಳೆಯುತ್ತವೆ, ಅವುಗಳಿಗೆ ಬೆಳಕು ಹೆಚ್ಚು ಬೇಕು. ಜಗತ್ತಿನೆಲ್ಲೆಡೆ ಮಾರಾಟವಾಗುವ ಈ ಎನ್‌ಜಾಯ್ ತಳಿಯನ್ನು ಮೊದಲು ಗುರುತಿಸಿದ್ದು ನಮ್ಮ ನೆರೆಯ ಮಹಾರಾಷ್ಟ್ರದಲ್ಲಿ ಎಂಬುದು ಸಂತೋಷದ ಸಂಗತಿ.

ಪ್ರಶ್ನೆ (ಶಿರಸಿಯಿಂದ): ಮಳೆಗಾಲದಲ್ಲಿ ಬುಡದ ಎಲೆಗಳು ಒಂದೊಂದಾಗಿ ಹಳದಿಯಾಗಿ ಉದುರುತ್ತವೆ. ಕಾಂಡ ಕಪ್ಪಗಾಗಿ ಮೆತ್ತಗಾಗಿದೆ. ನೀರು ಸಾಲದೆ ಹೀಗಾಗುತ್ತದೆಯೇ?

ಉತ್ತರ: ನೀರು ಹೆಚ್ಚಾಗಿ ಹೀಗಾಗುತ್ತದೆ. ಆರೋಗ್ಯವಾದ ಬಳ್ಳಿಯಲ್ಲಿಯೂ ತೀರಾ ಹಳೆಯ ಎಲೆ ಆಗೊಮ್ಮೆ ಈಗೊಮ್ಮೆ ಹಣ್ಣಾಗಿ ಉದುರುವುದು ಸಹಜ, ಆದರೆ ಕಾಂಡ ಕಪ್ಪಾಗಿದ್ದರೆ ಬೇರು ಕೊಳೆತಿದೆಯೆಂದೇ ಅರ್ಥ. ಗಿಡವನ್ನು ಕುಂಡದಿಂದ ಹೊರತೆಗೆದು ಬೇರನ್ನು ನೋಡಿರಿ. ಬಿಳಿಯಾಗಿ ಗಟ್ಟಿಯಾಗಿರುವ ಬೇರು ಜೀವಂತ, ಕಂದಾಗಿ ಬೆರಳಿನಲ್ಲಿ ಹಿಡಿದರೆ ಸಿಪ್ಪೆ ಕಳಚುವ ಬೇರು ಸತ್ತದ್ದು. ಕಾಂಡದ ಹಸಿರು ಭಾಗ ಇನ್ನೂ ಉಳಿದಿದ್ದರೆ ಅದನ್ನು ಶುಚಿಯಾದ ಚಾಕುವಿನಿಂದ ಕತ್ತರಿಸಿ, ಗಾಯ ಒಣಗುವವರೆಗೆ ಕೆಲವು ಗಂಟೆ ನೆರಳಿನಲ್ಲಿಟ್ಟು ಹೊಸ ಮಣ್ಣಿನಲ್ಲಿ ನೆಡಿರಿ. ಹಳೆಯ ಮಣ್ಣನ್ನು ಮತ್ತೆ ಬಳಸಬೇಡಿ.

ಮರಕ್ಕೆ ಅಂಟಿಕೊಂಡು ಬೆಳೆಯುವ ಬಳ್ಳಿಯ ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಬರೀ ಕೆಮ್ಮಣ್ಣು ಮಳೆಗಾಲದಲ್ಲಿ ಗಟ್ಟಿಯಾಗಿ ಕೂತು ಗಾಳಿಯನ್ನು ತಡೆಯುತ್ತದೆ. ಒಂದು ಪಾಲು ಕೆಮ್ಮಣ್ಣು, ಒಂದು ಪಾಲು ತೊಳೆದ ಕೊಕೊಪೀಟ್, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಅದಕ್ಕೆ ಒಂದಿಷ್ಟು ದಪ್ಪ ಮರಳು ಮತ್ತು ಇದ್ದಿಲ ಚೂರು ಸೇರಿಸಿದರೆ ನೀರು ಸರಾಗವಾಗಿ ಬಸಿಯುತ್ತದೆ. ಕುಂಡದ ಕೆಳಗಿನ ತಟ್ಟೆಯಲ್ಲಿ ನೀರು ನಿಲ್ಲಲು ಬಿಡಬೇಡಿ. ಬೆರಳನ್ನು ಒಂದಂಗುಲ ಮಣ್ಣಿನೊಳಗೆ ಇಳಿಸಿ, ಅಷ್ಟು ಆಳದವರೆಗೆ ಒಣಗಿದ್ದರೆ ಮಾತ್ರ ನೀರು ಹಾಕಿರಿ. ಶಿರಸಿಯ ಆಷಾಢದಲ್ಲಿ ಗಾಳಿಯೇ ತೇವದಿಂದ ತುಂಬಿರುವಾಗ ಎಷ್ಟೋ ದಿನ ನೀರು ಹಾಕುವ ಅಗತ್ಯವೇ ಬೀಳದು.

ಪ್ರಶ್ನೆ (ಕಲಬುರಗಿಯಿಂದ): ಏಪ್ರಿಲ್, ಮೇ ತಿಂಗಳುಗಳಲ್ಲಿ ಎಲೆಯ ಅಂಚು ಒಣಗಿ ಕಂದಾಗುತ್ತದೆ, ಎಲೆಯ ಮೇಲೆ ಬಿಳಿ ಕಲೆಗಳೂ ಕಾಣುತ್ತವೆ. ಏನು ಮಾಡಬೇಕು?

ಉತ್ತರ: 40 ಡಿಗ್ರಿ ದಾಟುವ ಬಿಸಿಗಾಳಿ ಮಳೆಕಾಡಿನ ಈ ಬಳ್ಳಿಗೆ ಒಗ್ಗುವುದಿಲ್ಲ. ಬೇಸಿಗೆ ಮುಗಿಯುವವರೆಗೆ ಗಿಡವನ್ನು ಗಾಳಿ ನೇರವಾಗಿ ಬಡಿಯದ ಉತ್ತರದ ಪಡಸಾಲೆಯಲ್ಲಿ, ಬೇರೆ ಕುಂಡಗಳ ಜೊತೆ ಗುಂಪಾಗಿ ಇಡಿರಿ. ಬಿಳಿ ಕಲೆಗಳು ಒರೆಸಿದರೆ ಹೋಗುವಂಥವಾದರೆ ಅವು ಕೊಳವೆಬಾವಿಯ ಗಡಸು ನೀರಿನ ಉಪ್ಪು. ಆ ನೀರಿನಿಂದ ಎಲೆ ತೋಯಿಸುವುದನ್ನು ಬಿಟ್ಟು, ಮಳೆ ಬಂದಾಗ ಕುಂಡವನ್ನು ಹೊರಗಿಟ್ಟು ಮಣ್ಣಿನ ಉಪ್ಪನ್ನು ತೊಳೆದುಹೋಗಲು ಬಿಡಿರಿ. ಎಲೆಯ ಹಿಂಭಾಗದಲ್ಲಿ ಸಣ್ಣ ಬಲೆಯೂ, ಮೇಲ್ಭಾಗದಲ್ಲಿ ಮಾಸಲು ಚುಕ್ಕಿಗಳೂ ಇದ್ದರೆ ಅದು ಜೇಡನುಸಿ, ತೊಟ್ಟಿನ ಸಂದಿಯಲ್ಲಿ ಹತ್ತಿಯಂಥ ಬಿಳಿ ಉಂಡೆಗಳಿದ್ದರೆ ಹಿಟ್ಟುತಿಗಣೆ. ಎರಡಕ್ಕೂ ಮೊದಲು ಒದ್ದೆ ಬಟ್ಟೆಯಿಂದ ಒರೆಸಿ, ಒಂದು ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನೆಣ್ಣೆ ಮತ್ತು ಕೆಲವು ಹನಿ ಸೋಪಿನ ದ್ರಾವಣ ಬೆರೆಸಿ ಸಂಜೆಯ ಹೊತ್ತು ಸಿಂಪಡಿಸಿರಿ. ವಾರ ಬಿಟ್ಟು ಮತ್ತೊಮ್ಮೆ ಸಿಂಪಡಿಸದಿದ್ದರೆ ಮೊಟ್ಟೆಯಿಂದ ಬಂದ ಮರಿಗಳು ಉಳಿದುಬಿಡುತ್ತವೆ.

ಪ್ರಶ್ನೆ (ದಾವಣಗೆರೆಯಿಂದ): ಮಣ್ಣಿಲ್ಲದೆ ಬಾಟಲಿಯ ನೀರಿನಲ್ಲಿಯೇ ಮನಿಪ್ಲಾಂಟ್ ಇಡಬಹುದೇ? ಒಂದು ಎಲೆಯನ್ನು ತೊಟ್ಟಿನ ಸಮೇತ ನೀರಿನಲ್ಲಿಟ್ಟಿದ್ದೆ, ಬೇರು ಬಂದಿದೆ, ಆದರೆ ಬಳ್ಳಿ ಬರುತ್ತಿಲ್ಲ.

ಉತ್ತರ: ಬಳ್ಳಿ ಬರುವುದೂ ಇಲ್ಲ. ಹೊಸ ಚಿಗುರು ಒಡೆಯುವ ಕಣ್ಣು ಇರುವುದು ಗಿಣ್ಣಿನಲ್ಲಿ, ಎಲೆಯಲ್ಲಾಗಲಿ ತೊಟ್ಟಿನಲ್ಲಾಗಲಿ ಅಲ್ಲ. ಒಂದೇ ಒಂದು ಗಿಣ್ಣು ಮತ್ತು ಒಂದು ಎಲೆ ಇರುವ ತುಂಡು ಸಾಕು, ಅದರಿಂದ ಪೂರ್ಣ ಗಿಡವಾಗುತ್ತದೆ. ಗಿಣ್ಣು ಮುಳುಗುವಂತೆ, ಎಲೆ ಮುಳುಗದಂತೆ ನೀರಿನಲ್ಲಿಡಿರಿ.

ನೀರಿನಲ್ಲಿ ವರ್ಷಗಟ್ಟಲೆ ಇಡಬಹುದಾದರೂ ಒಂದು ವಿಷಯದಲ್ಲಿ ನಾನು ಕಟ್ಟುನಿಟ್ಟಾಗಿ ಹೇಳಬೇಕಾಗುತ್ತದೆ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುವುದು ಇಂಥ ನಿಂತ ತಿಳಿನೀರಿನಲ್ಲಿಯೇ, ಮತ್ತು ಮೊಟ್ಟೆಗಳು ಪಾತ್ರೆಯ ಒಳಗೋಡೆಗೆ ಅಂಟಿಕೊಂಡಿರುತ್ತವೆ. ಆದುದರಿಂದ ವಾರಕ್ಕೊಮ್ಮೆ ನೀರು ಚೆಲ್ಲಿದರಷ್ಟೇ ಸಾಲದು, ಬಾಟಲಿಯ ಒಳಭಾಗವನ್ನು ಬ್ರಷ್‌ನಿಂದ ಉಜ್ಜಿ ತೊಳೆಯಬೇಕು, ಬಾಯಿಗೆ ಹತ್ತಿ ಅಥವಾ ಬಟ್ಟೆ ತುರುಕಬೇಕು. 2024ರಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿದ್ದನ್ನು ಓದುಗರು ಮರೆತಿರಲಾರರು. ವಾರವಾರವೂ ಇಷ್ಟು ಮಾಡುವುದು ಸಾಧ್ಯವಾಗದಿದ್ದರೆ ಗಿಡವನ್ನು ಮಣ್ಣಿಗೆ ಹಾಕಿಬಿಡುವುದೇ ಸರಿ. ಬೆಳಕು ಒಳಹೋಗದ ಬಣ್ಣದ ಗಾಜಿನ ಪಾತ್ರೆಯಾದರೆ ಪಾಚಿಯ ಕಾಟ ಕಡಿಮೆ.

ಪ್ರಶ್ನೆ (ತುಮಕೂರಿನಿಂದ): ನಮ್ಮ ಅಜ್ಜಿಯ ಕಾಲದಿಂದ ಇರುವ ಮನಿಪ್ಲಾಂಟ್ ಒಮ್ಮೆಯೂ ಹೂ ಬಿಟ್ಟಿಲ್ಲ. ಇದಕ್ಕೆ ಹೂವೇ ಇಲ್ಲವೇ?

ಉತ್ತರ: ಬಹಳ ಒಳ್ಳೆಯ ಪ್ರಶ್ನೆ, ಏಕೆಂದರೆ ಸಸ್ಯಶಾಸ್ತ್ರಜ್ಞರನ್ನೂ ಇದು ದೀರ್ಘಕಾಲ ಕಾಡಿದೆ. 1880ರಲ್ಲಿ ಈ ಗಿಡಕ್ಕೆ ಮೊದಲು ಹೆಸರಿಟ್ಟಾಗ ಹೂವನ್ನು ನೋಡದೆಯೇ ಪೋಥೋಸ್ ಎಂಬ ಕುಲಕ್ಕೆ ಸೇರಿಸಿದ್ದರು. ಆಮೇಲೆ ಸಿಂಡಾಪ್ಸಸ್ ಕುಲಕ್ಕೆ ಹೋಯಿತು. 1960ರ ದಶಕದ ಆರಂಭದಲ್ಲಿ ಹೂವು ಪರೀಕ್ಷೆಗೆ ದೊರೆತ ಮೇಲೆ ರಾಫಿಡೋಫೊರಾ ಎಂದಾಗಿ, 1964ರಲ್ಲಿ ಈಗಿನ ಎಪಿಪ್ರೆಮ್ನಮ್ ಕುಲದಲ್ಲಿ ನೆಲೆ ಕಂಡಿತು. ಅಂಗಡಿಗಳಲ್ಲಿ ಮಾತ್ರ ಪೋಥೋಸ್ ಎಂಬ ಹಳೆಯ ಹೆಸರೇ ಇಂದಿಗೂ ಓಡುತ್ತಿದೆ. ಹೂ ಬಿಡದಿರಲು ಕಾರಣವೇನೆಂಬುದು 2016ರಲ್ಲಿ ಪ್ರಕಟವಾದ ಸಂಶೋಧನೆಯೊಂದರಿಂದ ತಿಳಿಯಿತು. ಗಿಬ್ಬರೆಲಿನ್ ಎಂಬ ಸಸ್ಯಹಾರ್ಮೋನನ್ನು ತಯಾರಿಸಲು ಬೇಕಾದ ಒಂದು ಜೀನ್ ಈ ಗಿಡದಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲ. ಆ ಹಾರ್ಮೋನನ್ನು ಹೊರಗಿನಿಂದ ಸಿಂಪಡಿಸಿದಾಗ ಸಂಶೋಧಕರ ಗಿಡಗಳು ಹೂ ಬಿಟ್ಟವು. ಕೆಸುವಿನ ಹೂವಿನಂತೆಯೇ ಒಂದು ದಂಡು, ಅದರ ಸುತ್ತ ಒಂದು ದೊನ್ನೆಯಾಕಾರದ ಹೊದಿಕೆ, ಇಷ್ಟೇ ಅದರ ಸ್ವರೂಪ. ಹೂವಿಲ್ಲದೆ ಬೀಜವಿಲ್ಲ, ಹಾಗಾಗಿ ನಿಮ್ಮ ಅಜ್ಜಿಯವರ ಬಳ್ಳಿಯೂ ಸೇರಿದಂತೆ ನಮ್ಮ ಮನೆಗಳಲ್ಲಿರುವುದೆಲ್ಲ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿ ಬಂದ ತುಂಡುಗಳೇ.

ಪ್ರಶ್ನೆ (ಹುಬ್ಬಳ್ಳಿಯಿಂದ): ಮನಿಪ್ಲಾಂಟ್ ಮನೆಯ ಗಾಳಿಯನ್ನು ಶುದ್ಧಗೊಳಿಸುತ್ತದೆ ಎನ್ನುತ್ತಾರೆ. ಯಾವ ದಿಕ್ಕಿನಲ್ಲಿಟ್ಟರೆ ಶ್ರೇಯಸ್ಸು? ಕದ್ದು ತಂದರೆ ಮಾತ್ರ ಫಲ ಎಂಬುದು ನಿಜವೇ?

ಉತ್ತರ: ಗಾಳಿ ಶುದ್ಧವಾಗುತ್ತದೆ ಎಂಬ ಮಾತಿಗೆ ಮೂಲ 1989ರ ನಾಸಾ ಪ್ರಯೋಗ. ಅದು ಪೂರ್ತಿ ಮುಚ್ಚಿದ ಚಿಕ್ಕ ಪೆಟ್ಟಿಗೆಗಳಲ್ಲಿ ನಡೆದದ್ದು. ಮನೆಯೊಳಗೆ ಸಹಜವಾಗಿ ಆಡುವ ಹೊರಗಿನ ಗಾಳಿಯಷ್ಟೇ ಪರಿಣಾಮ ಗಿಡಗಳಿಂದ ಕಾಣಬೇಕಾದರೆ ಪ್ರತಿ ಚದರ ಮೀಟರ್ ನೆಲಕ್ಕೆ 10ರಿಂದ 1000 ಗಿಡಗಳು ಬೇಕಾಗುತ್ತವೆ ಎಂದು 2019ರಲ್ಲಿ ಪ್ರಕಟವಾದ ಪರಿಶೀಲನೆಯೊಂದು ಲೆಕ್ಕಹಾಕಿದೆ. ಗಾಳಿಗಾಗಿ ಕಿಟಕಿ ತೆರೆಯಿರಿ, ಕಣ್ಣಿಗೆ ತಂಪಾಗಲೆಂದು ಗಿಡ ಬೆಳೆಸಿರಿ. ನಂಬಿಕೆಯ ಮಾತು ಅವರವರಿಗೆ ಬಿಟ್ಟದ್ದು, ಗಿಡದ ದೃಷ್ಟಿಯಿಂದ ಬೆಳಕು ಬರುವ ದಿಕ್ಕೇ ಒಳ್ಳೆಯ ದಿಕ್ಕು. ಕದಿಯುವ ಬದಲು ಕೇಳಿ ಪಡೆಯಿರಿ. ಅವಸರದಲ್ಲಿ ಕಿತ್ತು ತಂದ ಬಳ್ಳಿಯಲ್ಲಿ ಎಷ್ಟೋ ಸಲ ಗಿಣ್ಣೇ ಇರುವುದಿಲ್ಲ, ಕೇಳಿದರೆ ಮನೆಯವರು ಒಳ್ಳೆಯ ತುಂಡನ್ನೇ ಕತ್ತರಿಸಿ ಕೊಡುತ್ತಾರೆ.

ಪ್ರಶ್ನೆ (ಕುಂದಾಪುರದಿಂದ): ಹಿತ್ತಲಿನ ತೆಂಗು ಮತ್ತು ಹಲಸಿನ ಮರಗಳಿಗೆ ಮನಿಪ್ಲಾಂಟ್ ಹಬ್ಬಿಸಿದ್ದೇವೆ, ನೋಡಲು ಬಹಳ ಚೆಂದವಾಗಿದೆ. ಮರಕ್ಕೆ ತೊಂದರೆಯಿದೆಯೇ?

ಉತ್ತರ: ಈ ಬಳ್ಳಿ ಬಂದಳಿಕೆಯಂತೆ ಮರದ ರಸ ಹೀರುವುದಿಲ್ಲ. ಆದರೂ ಕರಾವಳಿಯ ಮಳೆಯಲ್ಲಿ ಅದು ಬಹುಬೇಗ ನೆತ್ತಿಗೇರುತ್ತದೆ, ಕಾಂಡ ತೋಳಿನಷ್ಟಾಗಿ ಮರಕ್ಕೆ ಭಾರವಾಗುತ್ತದೆ, ತೆಂಗು ಹತ್ತುವವರಿಗೆ ಕಾಲಿಡಲು ಜಾಗವಿಲ್ಲದಂತಾಗುತ್ತದೆ. ಆಳೆತ್ತರಕ್ಕೆ ಬಂದಾಗಲೇ ಕತ್ತರಿಸುತ್ತಿರಿ, ಫಲ ಕೊಡುವ ಮರಕ್ಕೆ ಹಬ್ಬಿಸದಿರುವುದು ಇನ್ನೂ ಒಳ್ಳೆಯದು.

ಇದಕ್ಕಿಂತ ದೊಡ್ಡ ಆತಂಕವೆಂದರೆ ಕತ್ತರಿಸಿದ ಬಳ್ಳಿಯನ್ನು ಬೇಲಿಯಾಚೆ, ಹಾಡಿಯಂಚಿಗೆ, ತೋಡಿನ ಬದಿಗೆ ಎಸೆಯುವ ರೂಢಿ. ಬೀಜವಿಲ್ಲದಿದ್ದರೂ ಒಂದು ಗಿಣ್ಣಿನಿಂದಲೇ ಬದುಕುವ ಈ ಬಳ್ಳಿ ಶ್ರೀಲಂಕಾ, ಹವಾಯಿ, ಫ್ಲೋರಿಡಾಗಳಲ್ಲಿ ಕಾಡಿಗೆ ನುಗ್ಗಿ, ನೆಲವನ್ನೂ ಮರಗಳನ್ನೂ ಮುಚ್ಚಿ, ಅಲ್ಲಿನ ಸಸಿಗಳು ಮೇಲೇಳದಂತೆ ಮಾಡಿದೆ. ಪಶ್ಚಿಮ ಘಟ್ಟದ ಬುಡದಲ್ಲಿರುವ ನಮ್ಮ ಹಾಡಿಗಳ ತೇವ, ನೆರಳು, ಬಿಸಿ ಎಲ್ಲವೂ ಅದಕ್ಕೆ ಹಿತವಾದವೇ. ನಮ್ಮ ಕಾಡುಗಳಲ್ಲಿ ಇದೇ ಕುಟುಂಬದ ಸ್ಥಳೀಯ ಬಳ್ಳಿಗಳಿವೆ. ಎಲೆಯ ತೊಟ್ಟೇ ಅಗಲವಾಗಿ ಎಲೆಗೆ ಎಲೆ ಜೋಡಿಸಿದಂತೆ ಕಾಣುವ ಅಡಕೆಬೀಳು ಬಳ್ಳಿ ಅವುಗಳಲ್ಲೊಂದು, ಪೋಥೋಸ್ ಎಂಬ ಹೆಸರು ನಿಜವಾಗಿ ಸಲ್ಲುವುದು ಅದಕ್ಕೆ. ಅಂಥವುಗಳ ಜಾಗವನ್ನು ಹೊರಗಿನಿಂದ ಬಂದ ಅಲಂಕಾರದ ಬಳ್ಳಿ ಕಸಿದುಕೊಳ್ಳಬಾರದು. ಕತ್ತರಿಸಿದ ತುಂಡುಗಳನ್ನು ಸಿಮೆಂಟಿನ ಅಂಗಳದಲ್ಲಿ ಬಿಸಿಲಿಗೆ ಹರಡಿ, ಕೈಯಲ್ಲಿ ಮುರಿದರೆ ಪುಡಿಯಾಗುವಷ್ಟು ಒಣಗಿದ ಮೇಲೆಯೇ ಗೊಬ್ಬರದ ಗುಂಡಿಗೆ ಹಾಕಿರಿ. ಮಳೆಗಾಲದಲ್ಲಿ ಒಣಗಿಸಲಾಗದು, ಆದುದರಿಂದ ದೊಡ್ಡ ಕತ್ತರಿಕೆಯನ್ನು ಬೇಸಿಗೆಗೇ ಇಟ್ಟುಕೊಳ್ಳಿರಿ.

ಪ್ರಶ್ನೆ (ಮಂಗಳೂರಿನಿಂದ): ಮನೆಯಲ್ಲಿ ಅಂಬೆಗಾಲಿಡುವ ಮಗುವಿದೆ, ಬೆಕ್ಕೂ ಇದೆ. ಮನಿಪ್ಲಾಂಟ್ ವಿಷವೇ?

ಉತ್ತರ: ಪತ್ರೊಡೆ ಮಾಡುವವರಿಗೆ ಕೆಸುವಿನ ತುರಿಕೆ ಗೊತ್ತು, ಅದಕ್ಕೆಂದೇ ಹುಣಿಸೆಹುಳಿ ಹಾಕಿ ಚೆನ್ನಾಗಿ ಬೇಯಿಸುತ್ತಾರೆ. ಮನಿಪ್ಲಾಂಟಿನ ಎಲೆಯಲ್ಲಿಯೂ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿವೆ. ಜಗಿದರೆ ಬಾಯಿ, ನಾಲಿಗೆ, ಗಂಟಲು ಉರಿದು ಊದಿಕೊಳ್ಳುತ್ತವೆ, ಜೊಲ್ಲು ಸುರಿಯುತ್ತದೆ, ಬೆಕ್ಕು ನಾಯಿಗಳು ವಾಂತಿ ಮಾಡಿಕೊಳ್ಳುತ್ತವೆ. ಸಾಮಾನ್ಯವಾಗಿ ಪ್ರಾಣಾಪಾಯವಾಗುವುದಿಲ್ಲವಾದರೂ ಮಗು ಎಲೆ ಜಗಿದದ್ದು ಕಂಡರೆ ಬಾಯಿಯಲ್ಲಿ ಉಳಿದದ್ದನ್ನು ತೆಗೆದು, ಒದ್ದೆ ಬಟ್ಟೆಯಿಂದ ಒರೆಸಿ, ವೈದ್ಯರಲ್ಲಿಗೆ ಕರೆದೊಯ್ಯಿರಿ. ಉಸಿರಾಟಕ್ಕೆ ಅಥವಾ ನುಂಗುವುದಕ್ಕೆ ಕಷ್ಟವಾಗುತ್ತಿದ್ದರೆ ಒಂದು ಕ್ಷಣವೂ ತಡಮಾಡಬಾರದು. ಕತ್ತರಿಸುವಾಗ ಬರುವ ರಸ ಕೆಲವರ ಚರ್ಮಕ್ಕೆ ತುರಿಕೆ ತರುವುದರಿಂದ ಕೈಗವಸು ಹಾಕಿಕೊಳ್ಳಿರಿ, ಕಣ್ಣು ಮುಟ್ಟಿಕೊಳ್ಳಬೇಡಿ. ಮಗು ನಡೆಯಲು ಕಲಿತು, ಹೇಳಿದ ಮಾತು ತಿಳಿಯುವವರೆಗೆ ಗಿಡ ಕೈಗೆಟುಕದ ಎತ್ತರದಲ್ಲಿರಲಿ, ಇಳಿಬಿದ್ದ ಬಳ್ಳಿ ಮಗುವಿನ ಕೈಗೆ ಸಿಗುವಂತಿದ್ದರೆ ಅದನ್ನು ಕತ್ತರಿಸಿಬಿಡಿ.